ಬಾಲ್ಯದ ಕತ್ತಲು ಮತ್ತು ಪ್ರತಿಷ್ಠಾಪನಾ ಕಲೆ

ಬಾಲ್ಯದ ಭಯ, ಹಿಂಸೆ, ಅನಾಥತೆಗಳನ್ನು ವಸ್ತುವಾಗಿಸಿಕೊಂಡ ಪ್ರತಿಷ್ಠಾಪನಾ ಕಲೆಗೆ ಪೂರ್ವಸೂಚನೆಗಳು 1930ರ ದಶಕದಲ್ಲೇ ಸಿಗುತ್ತವೆ. ಆಗ ಜರ್ಮನಿಯ ಹಾನ್ಸ್ ಬೆಲ್ಮರ್ ಕೈಕಾಲು ಕಳಚಿ ಬೇಕಾದಂತೆ ಜೋಡಿಸಬಹುದಾದ ಹುಡುಗಿಯ ಗೊಂಬೆ ಮಾಡಿ ಅದರ ಛಾಯಾಚಿತ್ರಗಳನ್ನು ತೆಗೆದರು. ಪೋಲೆಂಡಿನ ತದೆಯುಷ್ ಕಾಂತೋರ್ 1975ರ ‘ಸತ್ತ ತರಗತಿ’ ರಂಗಕೃತಿಯಲ್ಲಿ ಮುದುಕರನ್ನು ಶಾಲೆಯ ಬೆಂಚುಗಳ ಮೇಲೆ ಕೂರಿಸಿ, ಅವರದೇ ಬಾಲ್ಯದ ಬೊಂಬೆಗಳನ್ನು ಅವರ ಮೇಲೆ ಹೊರಿಸಿದರು. ಮುಂದೆ ಉಳಿದು ಬಂದ ಕೆಲಸ ಹೆಚ್ಚಾಗಿ ಕಾಂತೋರ್ ತುಳಿದ ದಾರಿಯದು.

1980ರ ದಶಕದಲ್ಲಿ ಫ್ರಾನ್ಸಿನ ಕ್ರಿಶ್ಚಿಯನ್ ಬೋಲ್ಟಾನ್ಸ್ಕಿ ‘ದಿಜೋನಿನ ಮಕ್ಕಳು’ ಕೃತಿಯಲ್ಲಿ ಶಾಲಾಮಕ್ಕಳ ಹಳೆಯ ಛಾಯಾಚಿತ್ರಗಳ ಸುತ್ತ ಸಣ್ಣ ಬಲ್ಬುಗಳನ್ನು ಇಟ್ಟು ಚರ್ಚಿನ ಬಲಿಪೀಠದಂತೆ ಜೋಡಿಸಿದರು. ಬಲ್ಬಿನ ತಂತಿಗಳು ಮುಖಗಳ ಮೇಲೆಯೇ ಇಳಿಬಿದ್ದಿರುತ್ತವೆ. ನೋಡಿದವರಿಗೆ ನಾಜಿ ಶಿಬಿರಗಳ ನೆನಪು ತಪ್ಪದು. ಆದರೆ ಚಿತ್ರಗಳಲ್ಲಿರುವವರು ಸತ್ತ ಮಕ್ಕಳಲ್ಲ, ಬೆಳೆದು ದೊಡ್ಡವರಾದವರು. ಇಲ್ಲಿ ಶೋಕ ಇರುವುದು ಕಳೆದುಹೋದ ಬಾಲ್ಯಕ್ಕೆ.

ಲೂಯಿಸ್ ಬೂರ್ಜ್ವಾ ಅವರ ಹೆಸರು ಈ ಕ್ಷೇತ್ರದಲ್ಲಿ ಎಲ್ಲರಿಗೂ ಮೊದಲು ಬರುತ್ತದೆ. ಮನೆಯಲ್ಲಿ ಇಂಗ್ಲಿಷ್ ಕಲಿಸಲು ಬಂದ ಶಿಕ್ಷಕಿಯೇ ತಂದೆಯ ಪ್ರೇಯಸಿಯಾದ ಸಂಗತಿಯನ್ನು ಅವರು 1982ರಲ್ಲಿ ಬಹಿರಂಗವಾಗಿ ಹೇಳಿಕೊಂಡ ಮೇಲೆ ಅವರ ಕೃತಿಗಳೆಲ್ಲ ಆ ಒಂದು ಕಥೆಯ ಚಿತ್ರಗಳಾಗಿಬಿಟ್ಟವು. 1994ರ ‘ಕೆಂಪು ಕೋಣೆ’ ಜೋಡಿಯ ಮುಂದೆ ನಿಂತರೆ ಆ ಓದು ಸಾಲದೆನಿಸುತ್ತದೆ. ಹಳೆಯ ಬಾಗಿಲುಗಳನ್ನು ಸುರುಳಿಯಾಗಿ ನಿಲ್ಲಿಸಿದ ಕೋಣೆಗಳವು. ಅಪ್ಪ ಅಮ್ಮನ ಕೋಣೆಯಲ್ಲಿ ಕೆಂಪು ಹಾಸಿಗೆ, ಫ್ರೆಂಚಿನಲ್ಲಿ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಕಸೂತಿ ಹಾಕಿದ ಪುಟ್ಟ ದಿಂಬು. ಮಗುವಿನ ಕೋಣೆಯಲ್ಲಿ ಕೆಂಪು ನೂಲಿನ ಉಂಡೆಗಳು. ಒಳಗೆ ಹೋಗುವಂತಿಲ್ಲ, ಸಂದಿಯಲ್ಲಿ ಇಣುಕಬೇಕು. ಕದ್ದು ನೋಡುವ ಮಗುವಿನ ಜಾಗದಲ್ಲಿ ನೋಡುಗ ತಾನೇ ನಿಲ್ಲುತ್ತಾನೆ. ಕೃತಿಯ ಬಲವಿರುವುದು ಈ ರಚನೆಯಲ್ಲಿ.

ಜೀವನಚರಿತ್ರೆಯನ್ನೇ ಕೃತಿಗೆ ಹೊದಿಸುವ ಚಾಳಿಯಿಂದ ಅಮೆರಿಕದ ಮೈಕ್ ಕೆಲ್ಲಿ ಇನ್ನಷ್ಟು ತೊಂದರೆಪಟ್ಟರು. ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕ ಕೈಹೆಣಿಗೆಯ ಗೊಂಬೆಗಳನ್ನು ಕ್ಯಾನ್ವಾಸಿಗೆ ಹೊಲಿದ 1987ರ ಕೃತಿ ಹೇಳಿದ್ದು ಉಡುಗೊರೆಯ ಋಣದ ಬಗ್ಗೆ: ದೊಡ್ಡವರು ಗಂಟೆಗಟ್ಟಲೆ ಕೂತು ಹೆಣೆದ ಪ್ರೀತಿಯನ್ನು ಮಗು ತೀರಿಸುವುದು ಹೇಗೆ? ಜನ ಅದರಲ್ಲಿ ಕಂಡದ್ದು ದೌರ್ಜನ್ಯಕ್ಕೆ ಒಳಗಾದ ಬಾಲಕನನ್ನು. ಅದಕ್ಕೆ ಕೆಲ್ಲಿ ಕೊಟ್ಟ ಉತ್ತರ 1995ರ ‘ಎಜುಕೇಷನಲ್ ಕಾಂಪ್ಲೆಕ್ಸ್’. ತಾವು ಓದಿದ ಎಲ್ಲ ಶಾಲೆಗಳ ಜೊತೆಗೆ ಹುಟ್ಟಿ ಬೆಳೆದ ಮನೆಯನ್ನೂ ನೆನಪಿನಿಂದಲೇ ಮಾದರಿಯಾಗಿ ಕಟ್ಟಿ, ನೆನಪಾಗದ ಭಾಗಗಳನ್ನು ಖಾಲಿ ಬಿಟ್ಟರು. ಆ ಖಾಲಿ ಜಾಗದಲ್ಲಿ ಹಿಂಸೆಯನ್ನು ತುಂಬಿಕೊಳ್ಳುವವರು ನೋಡುಗರೇ.

ಕೆಲ್ಲಿ ಶಾಲೆಯ ಕಟ್ಟಡದತ್ತ ತಿರುಗುವ ಹೊತ್ತಿಗೆ ಸೋವಿಯತ್ ಮೂಲದ ಕಲಾವಿದ ಇಲ್ಯಾ ಕಬಕೋವ್ ಅದೇ ಹಾದಿಯಲ್ಲಿ ಬಹುದೂರ ಹೋಗಿದ್ದರು. ಅವರಿಗೆ ಸಿಗಬೇಕಾದ ಸ್ಥಾನ ಈ ಚರ್ಚೆಯಲ್ಲಿ ಇನ್ನೂ ಸಿಕ್ಕಿಲ್ಲ. ಮಾಸ್ಕೋದ ವಸತಿಶಾಲೆಯಲ್ಲಿದ್ದ ಮಗನ ಬಳಿ ಬಂದ ಅವರ ತಾಯಿಗೆ ವಾಸದ ಪರವಾನಗಿ ಇರಲಿಲ್ಲ. ಶಾಲೆಯಲ್ಲೇ ಬಟ್ಟೆ ಒಗೆಯುವ ಕೆಲಸ ಹಿಡಿದು, ಬಳಕೆ ತಪ್ಪಿದ ಶೌಚಾಲಯದಲ್ಲಿ ಮಲಗುತ್ತಿದ್ದರು. 1992ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಕಬಕೋವ್ ಸಾರ್ವಜನಿಕ ಶೌಚಾಲಯದೊಳಗೆ ಸಂಸಾರ ಹೂಡಿದ ಮನೆಯೊಂದನ್ನು ಕಟ್ಟಿದಾಗ, ಹಲವರು ಅದನ್ನು ಸೋವಿಯತ್ ಬದುಕಿನ ಗೇಲಿ ಎಂದುಕೊಂಡರು. 1990ರ ‘ಚಕ್ರವ್ಯೂಹ (ನನ್ನ ತಾಯಿಯ ಆಲ್ಬಂ)’ ಇನ್ನೂ ಗಾಢವಾದ ಕೃತಿ. ಮಂದ ಬೆಳಕಿನ, ಸವೆದು ಹಳತಾದ ಓಣಿಯಂಥ ಹಾದಿ. ಗೋಡೆಗಳ ಮೇಲೆ ತಾಯಿಯ ಆತ್ಮಕಥನದ ಪುಟಗಳು, ಜೊತೆಗೆ ಛಾಯಾಚಿತ್ರಗಳು. ನಡುವಿನಿಂದ ಕೇಳಿಬರುವುದು ಬಾಲ್ಯದಲ್ಲಿ ಕೇಳಿದ ಹಾಡುಗಳನ್ನು ಗುನುಗುವ ಕಬಕೋವ್ ದನಿ.

ಶತಮಾನದ ಕೊನೆಗೆ ಆಘಾತವೇ ಒಂದು ಶೈಲಿಯಾಯಿತು. ಬ್ರಿಟನ್ನಿನ ಚಾಪ್‌ಮನ್ ಸೋದರರು ಮಕ್ಕಳ ದೇಹಗಳನ್ನು ಒಂದಕ್ಕೊಂದು ಬೆಸೆದರು. 2004ರಲ್ಲಿ ಮೌರಿತ್ಸಿಯೊ ಕಾಟೆಲಾನ್ ಮಿಲಾನಿನ ಚೌಕವೊಂದರ ಮರಕ್ಕೆ ಮೂರು ಮಕ್ಕಳ ಬೊಂಬೆಗಳನ್ನು ನೇಣು ಹಾಕಿದಂತೆ ತೂಗುಬಿಟ್ಟರು. ಸಹಿಸಲಾರದೆ ಅವನ್ನು ಇಳಿಸಲು ಹತ್ತಿದವರೊಬ್ಬರು ಬಿದ್ದು ಗಾಯಗೊಂಡರು. ಪತ್ರಿಕೆಗಳ ಗದ್ದಲ ಕಳೆದರೆ ಈ ಕೃತಿಗಳಲ್ಲಿ ಬಾಲ್ಯದ ಬಗ್ಗೆ ಉಳಿಯುವುದು ಕಡಿಮೆ.

2008ರಲ್ಲಿ ಚೀನಾದ ಸಿಚುವಾನ್ ಭೂಕಂಪದಲ್ಲಿ ಕಳಪೆ ಶಾಲಾ ಕಟ್ಟಡಗಳಡಿ ಐದು ಸಾವಿರಕ್ಕೂ ಹೆಚ್ಚು ಮಕ್ಕಳು ಸತ್ತರು. ಮರುವರ್ಷ ಅಲ್ಲಿನ ಕಲಾವಿದ ಐ ವೀವೀ ಜರ್ಮನಿಯ ಮ್ಯೂನಿಕ್‌ನ ಕಲಾಭವನದ ಮುಂಗೋಡೆಯ ತುಂಬ 9,000 ಶಾಲಾಚೀಲಗಳನ್ನು ಜೋಡಿಸಿ, ಮಗಳು ಏಳು ವರ್ಷ ಈ ಲೋಕದಲ್ಲಿ ಸುಖವಾಗಿದ್ದಳೆಂಬ ತಾಯಿಯೊಬ್ಬಳ ಮಾತನ್ನು ಚೀನೀ ಅಕ್ಷರಗಳಲ್ಲಿ ಮೂಡಿಸಿದರು. ಇದನ್ನು ರಾಜಕೀಯ ಕಲೆಯೆಂದು ವಿಂಗಡಿಸಿ, ಬಾಲ್ಯದ ಕಲೆಯ ಚರ್ಚೆಯನ್ನು ಲೂಯಿಸ್ ಬೂರ್ಜ್ವಾ ಅವರ ಮನೆಯೊಳಗೇ ಮುಗಿಸುವ ರೂಢಿ ಬಲವಾಗಿದೆ. ಹಾಗಾಗಿ ಶಾಲೆ, ವಸತಿನಿಲಯ, ಪರವಾನಗಿ ಕಚೇರಿಗಳು ಮಕ್ಕಳಿಗೆ ಮಾಡಿದ ಗಾಯಗಳನ್ನು ಕಬಕೋವ್‌ರಿಂದ ಐ ವೀವೀವರೆಗೆ ಒಂದೇ ಎಳೆಯಲ್ಲಿ ನೋಡುವ ಕೆಲಸ ಹಿಂದೆ ಬಿದ್ದಿದೆ.