ಜೇಬಿನಲ್ಲಿ ಒತ್ತಿದ ಗುಂಡಿ



ಮಳೆಗಾಲದ ಒಂದು ರಾತ್ರಿ. ಮುಂಬಯಿಯ ಯಾವುದೋ ಹೌಸಿಂಗ್ ಸೊಸೈಟಿಯ ಎರಡನೇ ಮಹಡಿ. ಊಟ ಮುಗಿಸಿ ಸೋಫಾದ ಮೇಲೆ ಕಾಲು ಚಾಚಿದ್ದೀರಿ. ಅಷ್ಟರಲ್ಲಿ ಇಂಟರ್‌ಕಾಮ್ ಬಡಿದುಕೊಳ್ಳುತ್ತದೆ. ನಿಮ್ಮ ಕಾರಿನ ನಾಲ್ಕೂ ಕಿಟಕಿ ತೆರೆದಿವೆ, ಸೀಟೆಲ್ಲ ನೆನೆಯುತ್ತಿದೆ ಎಂದು ಕೆಳಗಿನಿಂದ ವಾಚ್‌ಮನ್ ಹೇಳುತ್ತಾನೆ. ನೀವೇ ಕೈಯಾರೆ ಏರಿಸಿ, ಬೀಗ ಹಾಕಿ ಬಂದ ಕಿಟಕಿಗಳು! ಕಳ್ಳ ಬಂದಿಲ್ಲ, ದೆವ್ವವೂ ಬಂದಿಲ್ಲ. ಪ್ಯಾಂಟಿನ ಜೇಬಿನಲ್ಲಿದ್ದ ರಿಮೋಟ್ ಕೀ ನೀವು ಸೋಫಾದಲ್ಲಿ ಹೊರಳಿದಾಗ ಒತ್ತಿಕೊಂಡಿದೆ, ಅಷ್ಟೆ.

ಈ ಪುಟ್ಟ ಅವಾಂತರದ ಹಿಂದೆ ನಲವತ್ತು ವರ್ಷಗಳ ಇತಿಹಾಸವಿದೆ ಎಂದರೆ ನಂಬುತ್ತೀರಾ?

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗಿತ್ತರು. ಅದು ಬರೀ ಲೋಹದ ಕೀಲಿಕೈ. ಅದನ್ನು ಬೀಗದ ತೂತಿಗೆ ತೂರಿಸಿ ತಿರುಗಿಸಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಜೇಬಿನಲ್ಲಿ ಅದು ಎಷ್ಟು ಹೊರಳಾಡಿದರೂ ಕಾರಿಗೆ ಅದರ ಸುದ್ದಿ ಮುಟ್ಟುತ್ತಿರಲಿಲ್ಲ. ನಿಮಗೆ ಮನಸ್ಸಿಲ್ಲದೆ ಬಾಗಿಲು ತೆರೆಯುವ ಪ್ರಶ್ನೆಯೇ ಇರಲಿಲ್ಲ.

ಆದರೆ ಅಷ್ಟರಲ್ಲಾಗಲೇ ಫ್ರಾನ್ಸಿನಲ್ಲಿ ಬೇರೆ ಗಾಳಿ ಬೀಸಿತ್ತು. 1982ರಲ್ಲಿ ರೆನೋ ಕಂಪನಿಯ ಫ್ಯುಯೆಗೊ ಕಾರಿಗೆ ದೂರದಿಂದಲೇ ಬೀಗ ತೆರೆಯುವ ಒಂದು ಸಾಧನ ಬಂತು. ಅದನ್ನು ರೂಪಿಸಿದವರು ಪಾಲ್ ಲಿಪ್ಶುಟ್ಸ್. ಅವರ ಹೆಸರಿನ ಅಕ್ಷರಗಳಿಂದಲೇ ಆ ಸಾಧನಕ್ಕೆ 'ಪ್ಲಿಪ್' ಎಂಬ ಹೆಸರು ಬಿತ್ತು. ಫ್ರೆಂಚ್ ಜನ ಇಂದಿಗೂ ಕಾರಿನ ರಿಮೋಟನ್ನು ಹಾಗೆಯೇ ಕರೆಯುತ್ತಾರೆ.

ಪ್ಲಿಪ್ ಕೆಲಸ ಮಾಡುತ್ತಿದ್ದುದು ನಮ್ಮ ಟಿ.ವಿ. ರಿಮೋಟಿನಂತೆ, ಕಣ್ಣಿಗೆ ಕಾಣದ ಅವಗೆಂಪು ಕಿರಣದಿಂದ. ಕಾರಿನ ಹತ್ತಿರ ನಿಂತು, ಗುರಿಯಿಟ್ಟು ಒತ್ತಬೇಕಿತ್ತು. ಜನ ಇದನ್ನು ಒಂದು ತೊಂದರೆ ಎಂದೇ ಬಗೆದರು. ಆದರೆ ಆ ತೊಂದರೆಯ ಒಳಗೆ ಒಂದು ಉಪಕಾರವೂ ಅಡಗಿತ್ತು. ಅವಗೆಂಪು ಕಿರಣ ಜೇಬಿನ ಬಟ್ಟೆಯನ್ನು ದಾಟಿ ಕಾರನ್ನು ಮುಟ್ಟುವುದು ಕಷ್ಟ, ಗೋಡೆಯನ್ನಂತೂ ದಾಟದು. ಜೇಬಿನಲ್ಲಿ ಗುಂಡಿ ಒತ್ತಿಕೊಂಡರೂ ಕಾರು ಸುಮ್ಮನೆ ನಿಂತಿರುತ್ತಿತ್ತು.

ಆಮೇಲೆ ಬಂತು ರೇಡಿಯೋ. ಅಮೆರಿಕದಲ್ಲಿ 315 ಮೆಗಾಹರ್ಟ್ಸ್, ಯುರೋಪಿನಲ್ಲಿ ಸುಮಾರು 434 ಮೆಗಾಹರ್ಟ್ಸ್ ಅಲೆಗಳ ರಿಮೋಟುಗಳು ಬಳಕೆಗೆ ಬಂದವು. ಗುರಿಯಿಡುವ ಗೊಡವೆ ತಪ್ಪಿತು. ಆದರೆ ರೇಡಿಯೋ ಅಲೆಗೆ ಜೇಬೂ ಒಂದೇ, ಚೀಲವೂ ಒಂದೇ, ಇಟ್ಟಿಗೆಯ ಗೋಡೆಯೂ ಒಂದೇ. ಗುಂಡಿ ಒತ್ತಿದ್ದು ಬೆರಳೋ, ಪಕ್ಕದಲ್ಲಿದ್ದ ಐದು ರೂಪಾಯಿ ನಾಣ್ಯವೋ, ಕಾರಿಗೆ ತಿಳಿಯುವ ದಾರಿ ಇಲ್ಲ. ಇಂದಿನ ನಮ್ಮ ಅವಾಂತರ ಹುಟ್ಟಿದ್ದೇ ಇಲ್ಲಿ.

ರೇಡಿಯೋ ಇನ್ನೊಂದು ತಲೆನೋವನ್ನೂ ತಂದಿತು. ಆರಂಭದ ಅನೇಕ ರಿಮೋಟುಗಳು ಪ್ರತಿ ಸಲವೂ ಒಂದೇ ಸಂಕೇತವನ್ನು ಕಳಿಸುತ್ತಿದ್ದವು. ಅದನ್ನು ಗಾಳಿಯಲ್ಲೇ ಹಿಡಿದು ಮತ್ತೆ ನುಡಿಸಿದರೆ ಬಾಗಿಲು ತೆರೆಯುತ್ತಿತ್ತು. ಕಳ್ಳರಿಗೆ ಇದಕ್ಕಿಂತ ಸುಲಭ ಯಾವುದಿದೆ? ಹಾಗಾಗಿ ಪ್ರತಿ ಒತ್ತಿಗೂ ಸಂಕೇತ ಬದಲಾಗುವ ವಿಧಾನ ಬೇಕಾಯಿತು. ಅಂಥವುಗಳಲ್ಲಿ ಹೆಸರಾದದ್ದು 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನ್ಯಾನೋಟೆಕ್ ಸಂಸ್ಥೆಯಲ್ಲಿ ರೂಪುಗೊಂಡ 'ಕೀಲಾಕ್'. 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಇದನ್ನು ಕೊಂಡುಕೊಂಡಿತು. ಮುಂದೆ ಇದು ಅನೇಕ ಕಾರುಗಳಿಗೆ, ಗ್ಯಾರೇಜ್ ಬಾಗಿಲುಗಳಿಗೆ ಹಬ್ಬಿತು.

ಇದರ ಮರ್ಮವನ್ನು ತಿಳಿಯಲು ಎರಡು ಜಪಮಾಲೆಗಳನ್ನು ಕಲ್ಪಿಸಿಕೊಳ್ಳಿ. ಒಂದು ಕೀಯ ಕೈಯಲ್ಲಿ, ಇನ್ನೊಂದು ಕಾರಿನ ಕೈಯಲ್ಲಿ. ಗುಂಡಿ ಒತ್ತಿದಾಗಲೆಲ್ಲ ಕೀ ಒಂದು ಮಣಿ ಮುಂದಕ್ಕೆ ಸರಿಸಿ, ಆ ಎಣಿಕೆಯನ್ನು ಗೂಢಲಿಪಿಯಲ್ಲಿ ಕಳಿಸುತ್ತದೆ. ಕಾರು ಅದನ್ನು ಬಿಡಿಸಿ ನೋಡಿ ತಾನೂ ಮಣಿ ಸರಿಸುತ್ತದೆ. ಹಿಂದೆ ಸರಿದುಹೋದ ಮಣಿಗೆ ಬೆಲೆಯಿಲ್ಲ. ಆದ್ದರಿಂದ ಕಳ್ಳ ಹಿಡಿದಿಟ್ಟುಕೊಂಡ ಹಳೆಯ ಸಂಕೇತ ಕೆಲಸಕ್ಕೆ ಬಾರದು.

ಚೆನ್ನಾಗಿದೆ. ಆದರೆ ಕಾರು ಪಾರ್ಕಿಂಗ್‌ನಲ್ಲಿ ನಿಂತಿದೆ, ನೀವು ದೂರದ ಕಚೇರಿಯಲ್ಲಿ ಕುಳಿತಿದ್ದೀರಿ, ಜೇಬಿನಲ್ಲಿ ಗುಂಡಿ ಏಳೆಂಟು ಸಲ ಒತ್ತಿಕೊಂಡಿತು ಎನ್ನಿ. ಕೀಯ ಮಾಲೆ ಎಂಟು ಮಣಿ ಮುಂದೆ ಹೋಯಿತು, ಕಾರಿಗೆ ಒಂದೂ ಕೇಳಿಸಲಿಲ್ಲ. ಸಂಜೆ ನಿಮ್ಮ ಕಾರೇ ನಿಮ್ಮನ್ನು ಪರಕೀಯನೆಂದು ದೂರವಿಟ್ಟರೆ?

ಎಂಜಿನಿಯರುಗಳು ಇದನ್ನು ಮೊದಲೇ ಊಹಿಸಿದ್ದರು! ಕೀಲಾಕ್ ವಿಧಾನದಲ್ಲಿ ಮುಂದಿನ 16 ಎಣಿಕೆಗಳವರೆಗೆ ಕಾರು ಚಕಾರವೆತ್ತದೆ ಒಪ್ಪುತ್ತದೆ. ಅದನ್ನು ಮೀರಿ ಸುಮಾರು 32,000 ಎಣಿಕೆಗಳ ತನಕ ಕೀ ಮುಂದೋಡಿದ್ದರೆ ಒಂದು ಒತ್ತು ಸಾಲದು, ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಕು. ಎರಡೂ ಎಣಿಕೆಗಳು ಒಂದರ ಹಿಂದೆ ಒಂದು ಬಂದರೆ ಕಾರು ತನ್ನ ಮಾಲೆಯನ್ನು ಸರಿಪಡಿಸಿಕೊಳ್ಳುತ್ತದೆ. ಮೊಮ್ಮಗು ಕೀ ಹಿಡಿದು ಆಡಿದ ಮೇಲೆ ಮೊದಲ ಸಲ ಬಾಗಿಲು ತೆರೆಯದೆ ಎರಡನೇ ಸಲ ತೆರೆಯುವುದುಂಟಲ್ಲ, ಅದರ ಗುಟ್ಟು ಇದೇ ಇರಬಹುದು.

ಇನ್ನು ಕಾರು ಹತ್ತಿರವಿದ್ದಾಗಿನ ಆಕಸ್ಮಿಕಗಳಿಗೆ ಬೇರೆ ಮದ್ದು ಬೇಕಾಯಿತು. ಅನ್‌ಲಾಕ್ ಆಗಿ ಅರ್ಧ ನಿಮಿಷದೊಳಗೆ ಯಾರೂ ಬಾಗಿಲು ತೆರೆಯದಿದ್ದರೆ ಅನೇಕ ಕಾರುಗಳು ತಾವೇ ಮತ್ತೆ ಬೀಗ ಹಾಕಿಕೊಳ್ಳುತ್ತವೆ. ಡಿಕ್ಕಿ ತೆರೆಯಲು ಎರಡು ಸಲ ಒತ್ತಬೇಕು, ಇಲ್ಲವೇ ಗುಂಡಿಯನ್ನು ಕೆಲ ಕ್ಷಣ ಅದುಮಿ ಹಿಡಿಯಬೇಕು ಎಂಬ ನಿಯಮ ಬಂತು. ಬಿಸಿಲಿನಲ್ಲಿ ನಿಂತ ಕಾರಿನ ಕಾವು ಹೊರಹೋಗಲೆಂದು, ಅನ್‌ಲಾಕ್ ಗುಂಡಿ ಅದುಮಿ ಹಿಡಿದರೆ ಕಿಟಕಿಗಳೆಲ್ಲ ಇಳಿಯುವ ಸೌಕರ್ಯವೂ ಕೆಲವು ಕಾರುಗಳಿಗೆ ಬಂತು. ಚೆನ್ನೈ, ಹೈದರಾಬಾದಿನ ಮೇ ತಿಂಗಳಿಗೆ ಇದು ವರ, ಮುಂಬಯಿಯ ಜುಲೈಗೆ ಶಾಪ. ಬೆರಳಿನ ಅದುಮುವಿಕೆಗೂ ಸೋಫಾದ ಅದುಮುವಿಕೆಗೂ ಯಂತ್ರಕ್ಕೆ ವ್ಯತ್ಯಾಸ ಗೊತ್ತಿಲ್ಲವಷ್ಟೆ.

ಇತಿಹಾಸದ ವ್ಯಂಗ್ಯ ನೋಡಿ. ಜೇಬಿನ ಒತ್ತಿಗೆ ತೋರಿದ ಕರುಣೆಯೇ ಮುಂದೆ ಕಳ್ಳರಿಗೆ ಕಿಂಡಿಯಾಗಬಹುದು ಎಂದು ತಿಳಿದುಬಂತು. 2015ರಲ್ಲಿ ಲಾಸ್ ವೇಗಾಸ್‌ನ ಡೆಫ್ ಕಾನ್ ಸಮ್ಮೇಳನದಲ್ಲಿ ಸ್ಯಾಮಿ ಕಮ್ಕರ್ ಎಂಬ ತಂತ್ರಜ್ಞ 'ರೋಲ್‌ಜ್ಯಾಮ್' ಎಂಬ ಪುಟ್ಟ ಪೆಟ್ಟಿಗೆಯನ್ನು ತೋರಿಸಿದರು. ಅದು ಮೊದಲ ಒತ್ತಿನ ಸಂಕೇತ ಕಾರಿಗೆ ಕೇಳದಂತೆ ಅಡ್ಡಿಮಾಡಿ ತಾನು ಹಿಡಿದಿಟ್ಟುಕೊಳ್ಳುತ್ತದೆ. ಮಾಲೀಕ ಮತ್ತೆ ಒತ್ತಿದಾಗ ಎರಡನೆಯದನ್ನೂ ಹಿಡಿದು, ಮೊದಲನೆಯದನ್ನು ಕಾರಿಗೆ ಕೇಳಿಸುತ್ತದೆ. ಎರಡನೆಯದು ಬಳಕೆಯಾಗದೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಕಾರು ಅದನ್ನು ಇನ್ನೂ ಕೇಳಿಲ್ಲವಾದ್ದರಿಂದ ಅದಕ್ಕೆ ಬೆಲೆ ಇದ್ದೇ ಇದೆ. ಸಂಕೇತಕ್ಕೆ ಇಂತಿಷ್ಟೇ ಹೊತ್ತು ಆಯುಷ್ಯವಿರಬೇಕು ಎಂಬುದು ಕಮ್ಕರ್ ಕೊಟ್ಟ ಸಲಹೆ.

ಹಾಗಾದರೆ ನಾವೇನು ಮಾಡಬೇಕು? ಕೀಯನ್ನು ನಾಣ್ಯ, ಮೊಬೈಲಿನ ಜೊತೆ ಒಂದೇ ಜೇಬಿಗೆ ತುರುಕಬೇಡಿ. ಕಿಟಕಿ ಇಳಿಸುವ ಸೌಕರ್ಯ ನಿಮ್ಮ ಕಾರಿನಲ್ಲಿದೆಯೇ, ಅದನ್ನು ನಿಲ್ಲಿಸಬಹುದೇ ಎಂದು ಕೈಪಿಡಿ ತೆರೆದು ನೋಡಿ. ರಿಮೋಟು ಮುನಿಸಿಕೊಂಡರೆ ಗಾಬರಿ ಬೇಡ, ಕಾರಿನ ಹತ್ತಿರ ಹೋಗಿ ಎರಡು ಮೂರು ಸಲ ಒತ್ತಿ. ಅದಕ್ಕೂ ಬಗ್ಗದಿದ್ದರೆ, ರಿಮೋಟಿನ ಜೊತೆಯಲ್ಲೋ ಒಳಗೋ ಇರುವ ಲೋಹದ ಕೀಲಿಕೈ ಇದ್ದೇ ಇದೆ. ಮುಖ್ಯವಾಗಿ, ಅಳುವ ಮಗುವಿನ ಕೈಗೆ ಕೀ ಕೊಟ್ಟು ಕಾರಿನೊಳಗೆ ಕೂರಿಸಿ ಇಳಿಯಬೇಡಿ. ಮಗು ಗುಂಡಿ ಒತ್ತಿದರೆ ಕೀಯೂ ಒಳಗೆ, ಮಗುವೂ ಒಳಗೆ, ನೀವು ಮಾತ್ರ ಹೊರಗೆ. ಬಿಸಿಲಿನಲ್ಲಿ ಮುಚ್ಚಿದ ಕಾರು ಕಾದ ಕಾವಲಿಯಂತಾಗಲು ಹೆಚ್ಚು ಹೊತ್ತು ಬೇಡ. ರಿಮೋಟಿನೊಳಗಿನ ಗುಂಡು ಬ್ಯಾಟರಿಯನ್ನು ಮಗು ನುಂಗಿದರಂತೂ ಪ್ರಾಣಕ್ಕೇ ಅಪಾಯ.

ಕೀಲಿಕೈಗೆ ನಮ್ಮ ಮನಸ್ಸು ಅರ್ಥವಾಗುವಂತೆ ಮಾಡಲು ನಲವತ್ತು ವರ್ಷಗಳಿಂದ ಎಂಜಿನಿಯರುಗಳು ಹೆಣಗುತ್ತಿದ್ದಾರೆ. ಅದು ಕೈಗೂಡುವ ತನಕ, ಮಳೆಗಾಲದ ರಾತ್ರಿ ಮಲಗುವ ಮುನ್ನ ಒಮ್ಮೆ ಬಾಲ್ಕನಿಯಿಂದ ಕೆಳಗೆ ಇಣುಕಿ ನೋಡಿ. ಕಿಟಕಿಗಳು ಮೇಲಿದ್ದರೆ ನೆಮ್ಮದಿಯಾಗಿ ನಿದ್ರಿಸಿ.