ಕಲೆಗೆ ಆಸರೆ : ಅರಮನೆಯಿಂದ ಸಹಕಾರ ಸಂಘದವರೆಗೆ



ನಮ್ಮ ಸಂಘದ ಇಪ್ಪತ್ತೈದು ವರ್ಷಗಳ ಸಾಲ, ಗೊಬ್ಬರ, ಅಡಿಕೆ ವಹಿವಾಟಿನ ಲೆಕ್ಕವನ್ನು ಅಧ್ಯಕ್ಷರೂ ಕಾರ್ಯದರ್ಶಿಗಳೂ ಈ ಸಂಚಿಕೆಯಲ್ಲಿ ವಿವರವಾಗಿ ಕೊಟ್ಟಿದ್ದಾರೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ಒಬ್ಬ ಕೃಷಿಕ. "ನೀವೂ ಏನಾದ್ರೂ ಬರೀಲೇಬೇಕು" ಎಂದು ಸಂಪಾದಕ ಮಂಡಳಿಯವರು ಹಟ ಹಿಡಿದಾಗ ನನಗೆ ನೆನಪಾದದ್ದು ಕಳೆದ ಮಹಾಸಭೆಯ ಚರ್ಚೆ. ನಮ್ಮೂರ ನಾಟಕ ಮಂಡಳಿಯವರು ರಂಗಸಜ್ಜಿಕೆಗೆಂದು ಸಂಘದಿಂದ ಸಹಾಯಧನ ಕೇಳಿದ್ದರು. "ಸೊಸೈಟಿ ಇರೋದು ಸಾಲ ಕೊಡೋಕೆ, ಬಣ್ಣ ಹಚ್ಚೋರಿಗೆ ದುಡ್ಡು ಹಂಚೋಕಲ್ಲ" ಎಂದು ಹಿರಿಯರೊಬ್ಬರು ಹೇಳಿದರು. "ಸರ್ಕಾರ ಕೊಡತ್ತಲ್ಲ, ಅಲ್ಲೇ ಹೋಗಿ ಕೇಳ್ಲಿ" ಎಂದರು ಇನ್ನೊಬ್ಬರು. ತೀರ್ಮಾನವಾಗದೆ ವಿಷಯ ಮುಂದಕ್ಕೆ ಹೋಯಿತು. ಆದ್ದರಿಂದ ಕಲೆಗೆ ಹಣ ಹಿಂದೆ ಎಲ್ಲಿಂದ ಬರುತ್ತಿತ್ತು, ಈಗ ಎಲ್ಲಿಂದ ಬರುತ್ತದೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ತಮ್ಮ ಮುಂದಿಡುತ್ತಿದ್ದೇನೆ.

ಮೊದಲಿಗೆ ಕೊಡುತ್ತಿದ್ದವರು ಅರಮನೆಯವರು ಮತ್ತು ದೇವಸ್ಥಾನದವರು. 1880ರ ದಶಕದಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲಕ್ಕೆ ಮೈಸೂರು ಅರಮನೆಯ ಆಶ್ರಯದಲ್ಲೇ ಒಂದು ನಾಟಕ ಕಂಪನಿ ಇತ್ತು. ಅದೇ ಕಾಲದಲ್ಲಿ, 1884ರಲ್ಲಿ, ಹುಟ್ಟಿದ ಗುಬ್ಬಿ ಕಂಪನಿ ಮಾತ್ರ ಟಿಕೆಟ್ ನಂಬಿ ಬದುಕಿತು. ಜನ ಬಂದರೆ ಊಟ, ಮಳೆ ಬಂದರೆ ಉಪವಾಸ. ಕರಾವಳಿಯ ಯಕ್ಷಗಾನಕ್ಕೆ ಹರಕೆಯ ಬಲ ಇದೆ. ಮಂದಾರ್ತಿ, ಕಟೀಲು ಮೇಳಗಳ ಹರಕೆ ಆಟಕ್ಕೆ ಹೆಸರು ಬರೆಸಿದವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ನಮ್ಮ ಕಡೆಯ ಹವ್ಯಾಸಿ ತಂಡಗಳಿಗೆ ಅರಮನೆಯೂ ಇಲ್ಲ, ಹರಕೆಯೂ ಇಲ್ಲ. ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಹೋಗಿ ವಂತಿಗೆ ಎತ್ತುವುದೊಂದೇ ದಾರಿ.

ಸ್ವಾತಂತ್ರ್ಯ ಬಂದ ಮೇಲೆ ಈ ಜವಾಬ್ದಾರಿಯನ್ನು ಸರ್ಕಾರ ವಹಿಸಿಕೊಂಡಿತು. 1953ರಲ್ಲಿ ದೆಹಲಿಯಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಾರಂಭವಾಯಿತು. ನಮ್ಮ ರಾಜ್ಯದಲ್ಲೂ ಅಕಾಡೆಮಿ ಬಂತು, ಅದು ಕವಲೊಡೆದು ನಾಟಕಕ್ಕೆ, ಸಂಗೀತ ನೃತ್ಯಕ್ಕೆ, ಜಾನಪದಕ್ಕೆ, ಯಕ್ಷಗಾನಕ್ಕೆ ಬೇರೆ ಬೇರೆ ಅಕಾಡೆಮಿಗಳಾದವು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಸಂಘ ಸಂಸ್ಥೆಗಳಿಗೆ ಧನಸಹಾಯವಿದೆ, ವಯಸ್ಸಾದ ಕಲಾವಿದರಿಗೆ ಮಾಸಾಶನವಿದೆ. ಇದು ದಾನವಲ್ಲ, ನಮ್ಮದೇ ತೆರಿಗೆ ಹಣ, ಹಾಗಾಗಿ ಕೇಳುವುದಕ್ಕೆ ಸಂಕೋಚ ಬೇಡ. ಆದರೆ ಕೇಳುವ ಕ್ರಮವೊಂದಿದೆ. ತಂಡ ನೋಂದಣಿಯಾಗಿರಬೇಕು, ಲೆಕ್ಕಪರಿಶೋಧನೆಯ ವರದಿ ಇರಬೇಕು, ನಡೆಸಿದ ಕಾರ್ಯಕ್ರಮದ ಫೋಟೋ, ಪತ್ರಿಕೆಯ ತುಣುಕು ಇರಬೇಕು. ರಾಮನ ಪಾತ್ರ ಮಾಡುವವನಿಗೆ ರಶೀದಿ ಪುಸ್ತಕ ಇಡುವುದು ರಾವಣನನ್ನು ಕೊಂದದ್ದಕ್ಕಿಂತ ಕಷ್ಟ! ಅನೇಕ ಹಳ್ಳಿ ತಂಡಗಳು ಇಲ್ಲೇ ಸೋಲುತ್ತವೆ, ಕಲೆಯಲ್ಲಲ್ಲ.

ಈ ವಿಷಯದಲ್ಲಿ ನಮಗೆ ಹತ್ತಿರದ ಉದಾಹರಣೆ ಎಂದರೆ ಸಾಗರ ತಾಲ್ಲೂಕಿನ ಹೆಗ್ಗೋಡು. ಅಲ್ಲಿನ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಎಲ್ಲರ ಬಾಯಲ್ಲಿ ನೀನಾಸಂ, 1949ರಲ್ಲಿ ಹುಟ್ಟಿದ್ದು. ಊರ ದೇವರ ಹೆಸರಿಟ್ಟುಕೊಂಡು ಊರಿನವರೇ ಕಟ್ಟಿದ ಹವ್ಯಾಸಿ ಸಂಘ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ನಮ್ಮ ಹಾಗೆ ಅಡಿಕೆ ತೋಟದವರು. ಮೈಸೂರಿನಲ್ಲಿ ಓದಿ ಊರಿಗೇ ವಾಪಸು ಬಂದವರು. ಆ ಸಂಘ ಸ್ವಂತ ಶ್ರಮದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದ ನಂತರವೇ 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದು ನಿಂತಿತು, ಅದಕ್ಕೆ ಸರ್ಕಾರದ ನೆರವೂ ಸೇರಿತ್ತು. ಈ ಕ್ರಮವನ್ನು ತಾವು ಗಮನಿಸಬೇಕು. ಮೊದಲು ಬಂದದ್ದು ನಾಟಕ, ಆಮೇಲೆ ಕಟ್ಟಡ. ಎಷ್ಟೋ ಊರುಗಳಲ್ಲಿ ಮೊದಲು ಅನುದಾನದ ಭವನ ಕಟ್ಟಿ ಬೀಗ ಹಾಕಿ, ಆಮೇಲೆ ಒಳಗೆ ಏನು ಮಾಡುವುದೆಂದು ಯೋಚಿಸುತ್ತಾರೆ. ಅಲ್ಲಿ ಅಡಿಕೆ ಚೀಲ ತುಂಬಿಡುವುದನ್ನೂ ಕಂಡಿದ್ದೇನೆ.

1973ರಲ್ಲಿ ಅಲ್ಲಿ ಚಿತ್ರಸಮಾಜ ಪ್ರಾರಂಭವಾಗಿ ದೇಶವಿದೇಶದ ಒಳ್ಳೆಯ ಸಿನಿಮಾಗಳನ್ನು ಹಳ್ಳಿ ಜನ ನೋಡಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಆಯಿತು. 1983ರಿಂದ 1985ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ 'ಜನಸ್ಪಂದನ' ಎಂಬ ಯೋಜನೆ ನಡೆದು, ನಾಟಕ ಶಿಬಿರ, ಸಿನಿಮಾ ಶಿಬಿರಗಳು ಹಳ್ಳಿಹಳ್ಳಿಗೆ ಹೋದವು. ವಿದೇಶಿ ಸಂಸ್ಥೆಯ ಹಣ ಎಂದರೆ ಇಂದಿಗೂ ಹುಬ್ಬೇರಿಸುವವರಿದ್ದಾರೆ. ಆದರೆ ನನ್ನ ಅಭಿಪ್ರಾಯದಲ್ಲಿ ಮುಖ್ಯವಾದ ಪ್ರಶ್ನೆ, ಆ ಹಣ ಮುಗಿದ ಮೇಲೆ ಏನಾಯಿತು ಎಂಬುದು. ಯೋಜನೆಯ ಅವಧಿ ಮುಗಿದ 1985ರಲ್ಲೇ ತಿರುಗಾಟ ಶುರುವಾಯಿತು. ಒಂದು ತಂಡ ನಾಟಕಗಳನ್ನು ಕಟ್ಟಿಕೊಂಡು ರಾಜ್ಯವನ್ನೆಲ್ಲ ಸುತ್ತುವುದು, ಕರೆಸಿಕೊಂಡ ಊರಿನವರು ಸಂಭಾವನೆ, ವ್ಯವಸ್ಥೆ ನೋಡಿಕೊಳ್ಳುವುದು. ಹೊರಗಿನ ಹಣ ಎಬ್ಬಿಸಿದ ಆಸಕ್ತಿಯನ್ನು ಊರೂರಿನ ಹಣ ಮುಂದುವರಿಸಿತು. ನಮ್ಮ ಹುಡುಗರೂ ಒಮ್ಮೆ ತಿರುಗಾಟ ಕರೆಸಿದ್ದರು. ಟಿಕೆಟ್ ಪುಸ್ತಕ ಹಿಡಿದು ಮೂರು ಹಳ್ಳಿ ಅಲೆದದ್ದು, ಕಲಾವಿದರಿಗೆ ಊಟ ನಮ್ಮ ಮನೆಗೋ ನಿಮ್ಮ ಮನೆಗೋ ಎಂದು ಹೆಂಗಸರು ಪೈಪೋಟಿ ಮಾಡಿದ್ದು ಹಲವರಿಗೆ ನೆನಪಿರಬಹುದು. ನಮ್ಮ ಮಂಡಳಿ ಕಣ್ಣು ಬಿಟ್ಟದ್ದೇ ಆ ರಾತ್ರಿ.

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರೂ ಸಂಘ ನಿಲ್ಲಲಿಲ್ಲ. ಒಂದೇ ಜೇಬನ್ನು ನಂಬದೆ ಊರು, ಸರ್ಕಾರ, ದಾನಿಗಳು, ಪ್ರೇಕ್ಷಕರು ಹೀಗೆ ನಾಲ್ಕು ಕಡೆಯಿಂದ ಕೂಡಿಸಿಕೊಂಡದ್ದೇ ಇದಕ್ಕೆ ಕಾರಣ ಎಂದು ನಾನು ತಿಳಿದಿದ್ದೇನೆ. ಅದೇ ಹೆಗ್ಗೋಡಿನ ಪಕ್ಕದಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಹೆಣ್ಣುಮಕ್ಕಳು ಕಟ್ಟಿದ ಚರಕ ಎಂಬ ಕೈಮಗ್ಗದ ಸಹಕಾರ ಸಂಘವಿದೆ. 2020ರಲ್ಲಿ ಕೊರೋನಾ ಕಾಲಕ್ಕೆ ಬಟ್ಟೆ ಮಾರಾಟವಾಗದೆ, ನಿರೀಕ್ಷಿಸಿದ ಸರ್ಕಾರಿ ನೆರವೂ ಕೈಸೇರದೆ, ತಾನು ದಿವಾಳಿ ಎಂದು ಅದು ಬಹಿರಂಗವಾಗಿಯೇ ಹೇಳಿಕೊಳ್ಳಬೇಕಾಯಿತು. ಒಳ್ಳೆಯ ಕೆಲಸಕ್ಕೂ ಇಂಥ ಕಾಲ ಬರುತ್ತದೆ.

ಇನ್ನು ಸೊಸೈಟಿಗೆ ಇದೆಲ್ಲ ಯಾಕೆ ಎಂದವರ ಮಾತಿಗೆ ಬರುತ್ತೇನೆ. ಅದರಲ್ಲಿ ಅರ್ಧ ಸತ್ಯವಿದೆ. ಠೇವಣಿದಾರರ ಹಣ ನಾಟಕಕ್ಕೆ ಹೋಗಕೂಡದು, ಹೋಗುವುದೂ ಇಲ್ಲ. ಪ್ರಶ್ನೆ ಇರುವುದು ಲಾಭದ ಬಗ್ಗೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕತೆ ನಮಗೆಲ್ಲ ಗೊತ್ತು. ಅದಾಗಿ ಏಳು ವರ್ಷಕ್ಕೆ ಬಂದ 1912ರ ಸಹಕಾರ ಸಂಘಗಳ ಕಾಯ್ದೆಯಲ್ಲೇ ಒಂದು ಕಲಮು ಇತ್ತು: ನಿವ್ವಳ ಲಾಭದ ಕಾಲು ಭಾಗ ಆಪದ್ಧನ ನಿಧಿಗೆ ಹಾಕಿದ ಮೇಲೆ, ಉಳಿದದ್ದರಲ್ಲಿ ಶೇ. 10ರವರೆಗೆ ರಿಜಿಸ್ಟ್ರಾರರ ಒಪ್ಪಿಗೆ ಪಡೆದು ಧರ್ಮಕಾರ್ಯಕ್ಕೆ ಕೊಡಬಹುದು. ಧರ್ಮಕಾರ್ಯವೆಂದರೆ ಪೂಜೆ ಪುನಸ್ಕಾರ ಅಲ್ಲ. ಬಡವರ ನೆರವು, ವಿದ್ಯೆ, ವೈದ್ಯ ಮತ್ತು ಸಾರ್ವಜನಿಕರಿಗೆ ಉಪಯೋಗವಾಗುವ ಇತರ ಕೆಲಸ ಎಂದೇ ಕಾನೂನಿನ ಅರ್ಥ. ಅಂದರೆ ಬ್ರಿಟಿಷರ ಕಾಲದಿಂದಲೂ ಸಹಕಾರ ಸಂಘವನ್ನು ಬರೀ ಸಾಲದ ಅಂಗಡಿ ಎಂದು ಯಾರೂ ಎಣಿಸಿರಲಿಲ್ಲ. ನಮ್ಮ ಸಂಘದ ಧರ್ಮನಿಧಿಯಿಂದ ಶಾಲಾ ಮಕ್ಕಳಿಗೆ ಪುಸ್ತಕ ಕೊಟ್ಟಾಗ ಯಾರೂ ಕೇಳಲಿಲ್ಲ. ನಾಟಕ ಎಂದ ಕೂಡಲೇ ಪ್ರಶ್ನೆ ಬಂತು.

ನಾಟಕ ಮಂಡಳಿಯಲ್ಲಿ ಈಗ ಉಳಿದಿರುವುದು ಹನ್ನೊಂದು ಜನ. ಹುಡುಗರು ಬೆಂಗಳೂರು ಸೇರಿದರು. ಹಾರ್ಮೋನಿಯಂ ನುಡಿಸುವವರಿಗೆ ವಯಸ್ಸಾಯಿತು, ಕಲಿಯುವವರಿಲ್ಲ. ಪರದೆಗೆ ಇಲಿ ಬಿದ್ದಿದೆ. ಇಲಾಖೆಗೆ ಅರ್ಜಿ ಹಾಕೋಣವೆಂದರೆ ಮಂಡಳಿಯ ನೋಂದಣಿ ನವೀಕರಣವಾಗದೆ ಬಿದ್ದಿದೆ. ಸರ್ಕಾರ ಕೊಡಲಿ ಎಂದು ನಾವು, ಊರು ಕೊಡಲಿ ಎಂದು ಸರ್ಕಾರ ಸುಮ್ಮನೆ ಕೂತರೆ ಇನ್ನೈದು ವರ್ಷದಲ್ಲಿ ಕೇಳುವವರೇ ಇರುವುದಿಲ್ಲ.

ಆದ್ದರಿಂದ ನಾನು ಆಡಳಿತ ಮಂಡಳಿಯ ಮುಂದೆ ಒಂದು ಸಲಹೆ ಇಟ್ಟಿದ್ದೇನೆ. ಮಂಡಳಿಯವರು ಊರಿನಲ್ಲಿ ಎಷ್ಟು ವಂತಿಗೆ ಎತ್ತುತ್ತಾರೋ ಅಷ್ಟೇ ಹಣವನ್ನು, ಧರ್ಮನಿಧಿಯ ಮಿತಿಯೊಳಗೆ, ಸಂಘ ಕೊಡಲಿ. ಅವರು ಎತ್ತದಿದ್ದರೆ ನಾವೂ ಕೊಡುವುದು ಬೇಡ. ಸಂಘಕ್ಕೆ ನಷ್ಟವಾದ ವರ್ಷ ಬಿಡುಗಡೆಯಿಲ್ಲ. ಅವರ ನೋಂದಣಿ, ಲೆಕ್ಕಪತ್ರ ಸರಿಪಡಿಸಿಕೊಡಲು ನಮ್ಮ ಗುಮಾಸ್ತರು ಎರಡು ಭಾನುವಾರ ಕೊಡಲು ಒಪ್ಪಿದ್ದಾರೆ, ಪುಕ್ಕಟೆಯಾಗಿ. ಲೆಕ್ಕ ಸರಿಯಾದರೆ ಮುಂದಿನ ಸಾಲಿಗೆ ಇಲಾಖೆಗೂ ಅರ್ಜಿ ಹಾಕಬಹುದು. ವೇದಿಕೆಯ ಮೇಲೆ ನಿರ್ದೇಶಕರಿಗೆ ಶಾಲು ಹಾರ ಬೇಡ ಎಂಬುದನ್ನೂ ನಾನು ಸೇರಿಸಿದ್ದೇನೆ, ಇದಕ್ಕೆ ಕೆಲವು ನಿರ್ದೇಶಕ ಮಿತ್ರರ ಆಕ್ಷೇಪಣೆ ಇದೆ.

ವಿಷಯ ಈ ಸಲದ ಮಹಾಸಭೆಯ ಸೂಚನಾ ಪತ್ರದಲ್ಲಿ ಸೇರಿದೆ. ಊಟಕ್ಕೆ ಮುಂಚೆಯೇ ಚರ್ಚೆಗೆ ಬರುವುದರಿಂದ ಸದಸ್ಯರೆಲ್ಲರೂ ದಯಮಾಡಿ ಬೆಳಿಗ್ಗೆಯೇ ಬರಬೇಕಾಗಿ ವಿನಂತಿ.