ಬಿಚ್ಚಿದಷ್ಟೂ ವೇಗ

ಮಲ್ಪೆಯ ನನ್ನ ರಿಪೇರಿ ಶೆಡ್ಡಿಗೆ ಬರುವ ನಾಡದೋಣಿಯ ಹುಡುಗನೊಬ್ಬ ಒಮ್ಮೆ ಕೇಳಿದ: "ಇದ್ರ ಸ್ಪೀಡು ಜಾಸ್ತಿ ಆಗ್ಲಿಕ್ಕೆ ಎಂತ ಹಾಕ್ಬೇಕು ಮಾರಾಯ್ರೆ?" ಅವನದು ಪೆಟ್ರೋಲಿನಲ್ಲಿ ಸ್ಟಾರ್ಟಾಗಿ ಸೀಮೆಎಣ್ಣೆಯಲ್ಲಿ ಓಡುವ ಔಟ್‌ಬೋರ್ಡ್. ನೀರಿನ ಪಂಪಿನ ಇಂಪೆಲ್ಲರ್ ಮರಳು ತಿಂದು ಸವೆದುಹೋಗಿತ್ತು. "ಹಾಕುವುದಲ್ಲ, ತೆಗೆಯುವುದು" ಎಂದೆ. ಹಡಗಿನಲ್ಲಿದ್ದ ಸೋದರಮಾವ ಬಿಟ್ಟುಹೋದ ಹಳೆಯ ಅಮೆರಿಕನ್ ಕೈಪಿಡಿಗಳಿಂದ ನಾನು ಕಲಿತದ್ದು ಅಷ್ಟೆ.

ಔಟ್‌ಬೋರ್ಡ್ ಮೋಟಾರು ಹುಟ್ಟಿದ್ದು ಓಟಕ್ಕಲ್ಲ. ನಾರ್ವೆಯಲ್ಲಿ ಹುಟ್ಟಿ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕಿಟ್ಟ ಎಂಜಿನ್ನಿಗೆ ಇದ್ದದ್ದು ಒಂದೂವರೆ ಅಶ್ವಶಕ್ತಿ. ಹುಟ್ಟು ಹಾಕುವ ತೋಳಿಗೆ ಬಿಡುವು ಸಿಕ್ಕರೆ ಸಾಕಿತ್ತು. 1920ರ ದಶಕದಲ್ಲಿ ಜಾನ್ಸನ್ ಸಹೋದರರ ಹಗುರ ಎಂಜಿನ್ನುಗಳು ಬಂದಮೇಲೆ ದೋಣಿ ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆ ಜಾರತೊಡಗಿತು. ಪಂದ್ಯಗಳು ಶುರುವಾದವು. ಸಿಲಿಂಡರಿನ ಅಳತೆ ನೋಡಿ ವರ್ಗ ಕಟ್ಟಿದರು: 'ಎ'ಗೆ 15 ಘನ ಅಂಗುಲ, 'ಬಿ'ಗೆ 20, 'ಸಿ'ಗೆ 30, 'ಎಫ್'ಗೆ 60. ಅಳತೆ ಮೀರುವಂತಿಲ್ಲವಾದ್ದರಿಂದ ಉಳಿದ ದಾರಿ ಒಂದೇ, ಅದೇ ಎಂಜಿನ್ನನ್ನು ಇನ್ನೂ ಜೋರಾಗಿ ತಿರುಗಿಸುವುದು.

ಅದರಲ್ಲಿ ಪಳಗಿದವನು ಕಾರ್ಲ್ ಕೀಕ್‌ಹೇಫರ್. 1939ರಲ್ಲಿ ವಿಸ್ಕಾನ್ಸಿನ್ನಿನ ಸೀಡರ್‌ಬರ್ಗಿನಲ್ಲಿ ಆತ ಕೊಂಡ ಕಾರ್ಖಾನೆಯೊಳಗೆ, ಗಿರಾಕಿ ಒಲ್ಲೆನೆಂದ ಔಟ್‌ಬೋರ್ಡುಗಳ ರಾಶಿಯೇ ಬಿದ್ದಿತ್ತು. ಅವನ್ನು ಸರಿಮಾಡುತ್ತ ಮಾಡುತ್ತ ಮರ್ಕ್ಯುರಿ ಮೋಟಾರು ಹುಟ್ಟಿತು. ಯುದ್ಧಕಾಲದಲ್ಲಿ ಸೈನ್ಯಕ್ಕೆ ಮರ ಕೊಯ್ಯುವ ಗರಗಸದ ಎಂಜಿನ್ ಮಾಡಿದ ಅನುಭವವೂ ಸೇರಿತು. ಸವೆಯುವ ಬುಷ್‌ಗಳ ಜಾಗಕ್ಕೆ ಬಾಲ್ ಬೇರಿಂಗ್, ರೋಲರ್ ಬೇರಿಂಗ್ ಕೂರಿಸಿದ. 1947ರ 'ಲೈಟ್ನಿಂಗ್' ಮಾದರಿಯ ಮೇಲೆ 10 ಅಶ್ವಶಕ್ತಿ ಎಂದು ಬರೆದಿತ್ತು. ಬಲ ಅದಕ್ಕೂ ಮಿಗಿಲಾಗಿತ್ತು.

ಹೆಸರಿನ ಕೊನೆಗೆ 'ಎಚ್' ಅಂಟಿಸಿಕೊಂಡ ಪಂದ್ಯದ ಮರ್ಕ್ಯುರಿಗಳ ಕೆಳಭಾಗವನ್ನು ಚಿತ್ರದಲ್ಲಿ ನೋಡುವಾಗ, ನಾನು ದಿನಾ ಬಿಚ್ಚುವ ಸಾಮಾನುಗಳೇ ಅಲ್ಲಿ ಕಾಣುವುದಿಲ್ಲ. ನ್ಯೂಟ್ರಲ್ ಇಲ್ಲ, ರಿವರ್ಸ್ ಇಲ್ಲ, ನೀರಿನ ಪಂಪೂ ಇಲ್ಲ. ದೋಣಿ ಓಡುವಾಗಿನ ಒತ್ತಡಕ್ಕೇ ನೀರು ಎಂಜಿನ್ನಿಗೆ ಏರಬೇಕು, ನಿಂತರೆ ತಂಪಿಲ್ಲ. ಗೇರಿನ ಗೂಡು ಬಂದೂಕಿನ ಗುಂಡಿನಂತೆ ಸಣಕಲು. ನಮ್ಮ ಮೋಟಾರು ಎರಡು ಸುತ್ತು ಬಂದರೆ ಪ್ರೊಪೆಲ್ಲರ್ ಹೆಚ್ಚುಕಡಿಮೆ ಒಂದು ಸುತ್ತು; ಅಲ್ಲಿ ಸುತ್ತಿಗೆ ಸುತ್ತು ಸಮ. ಎರಡೇ ಎಸಳಿನ ಆ ಪ್ರೊಪೆಲ್ಲರ್ ಓಟದಲ್ಲಿ ಅರ್ಧ ನೀರಲ್ಲಿ, ಅರ್ಧ ಗಾಳಿಯಲ್ಲಿ. ನಮ್ಮದರ ಹೊಗೆ ನೀರೊಳಗೆ ಹೋಗುವುದರಿಂದ ಸದ್ದು ಅಲ್ಲೇ ಅಡಗುತ್ತದೆ. ಅವರದು ಮೋಟು ಕೊಳವೆಯಿಂದ ನೇರ ಗಾಳಿಗೆ.

ಚಾಲಕ ಮೊಣಕಾಲೂರಿ ಕೂರುತ್ತಿದ್ದ. ಕೈಯಲ್ಲಿ ಸ್ಪ್ರಿಂಗಿನ ಥ್ರಾಟಲ್. ಆತ ನೀರಿಗೆ ಬಿದ್ದರೆ ಅದು ತಾನೇ ಹಿಂದಕ್ಕೆ ಬರುತ್ತಿತ್ತು.

ಕೆಲವು ವರ್ಗಗಳಲ್ಲಿ ಪೆಟ್ರೋಲಿನ ಬದಲು ಮೆಥನಾಲ್. ಅದು ಎಂಜಿನ್ನನ್ನು ತಂಪಾಗಿಡುತ್ತದೆ, ಆದರೆ ಎರಡು ಪಟ್ಟಿಗೂ ಮಿಕ್ಕಿ ಕುಡಿಯುತ್ತದೆ. ಹಾಗಾಗಿ ಕಾರ್ಬೊರೇಟರಿನ ಜೆಟ್ ದೊಡ್ಡದು ಮಾಡಬೇಕು. ಅದಕ್ಕೆ ಬೆರೆಸುತ್ತಿದ್ದ ಎಣ್ಣೆಯ ಹೆಸರು ಓದಿ ನಗು ಬಂತು: ಹರಳೆಣ್ಣೆ. ನಮ್ಮಜ್ಜಿ ಶನಿವಾರ ತಲೆಗೆ ತಟ್ಟುತ್ತಿದ್ದದ್ದೇ. ಪೆಟ್ರೋಲಿನೊಂದಿಗೆ ಬೆರೆಯಲು ಒಲ್ಲದ ಈ ಎಣ್ಣೆ ಮೆಥನಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಪಿಸ್ಟನ್ ಕಾದಾಗಲೂ ಪೊರೆ ಬಿಡುವುದಿಲ್ಲ. ಉರಿದ ಹರಳೆಣ್ಣೆಯ ಸಿಹಿ ವಾಸನೆಯೇ ಆ ಪಂದ್ಯಗಳ ಗುರುತು.

1958ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ಸರೋವರದಲ್ಲಿ ಚಾಲಕ ಹ್ಯೂಬರ್ಟ್ ಎಂಟ್ರಾಪ್ ಆರು ಸಿಲಿಂಡರಿನ ಮರ್ಕ್ಯುರಿಯಲ್ಲಿ ಗಂಟೆಗೆ 107 ಮೈಲಿ ದಾಟಿದ. 1960ರಲ್ಲಿ ಅದೇ ಎಂಟ್ರಾಪ್ ಎವಿನ್‌ರೂಡ್ ಮೋಟಾರು ಕಟ್ಟಿಕೊಂಡು 122 ಮೈಲಿ ದಾಟಿದ, ಅಂದರೆ ಹತ್ತಿರ ಹತ್ತಿರ 200 ಕಿಲೋಮೀಟರ್.

ಇದನ್ನೆಲ್ಲ ಕೇಳಿದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಳಿವೆ ಬಾಯಲ್ಲಿ ತೆರೆ ಕಾಯ್ಬೇಕಾದ್ರೆ ಅವ್ರು ಎಂತ ಮಾಡ್ತಾರೆ, ನ್ಯೂಟ್ರಲ್ ಇಲ್ದೆ?"

"ಅವರಿಗೆ ಅಳಿವೆ ಇಲ್ಲ ಮಾರಾಯ. ಕೆರೆಯಲ್ಲಿ ಸುತ್ತು ಹೊಡೆದು ಬಂದರಾಯ್ತು."

"ಹಾಗಾದ್ರೆ ಇಂಪೆಲ್ಲರ್ ಹೊಸದು ಹಾಕಿ ಕೊಡಿ," ಎಂದ.